ಗಂಡನನ್ನೂ ಕರೆದುಕೊಂಡು ಬಾ

ಬಣಕಲ್‌ಗೂ ಕೊಟ್ಟಿಗೆಹಾರಕ್ಕೂ ನಡುವಿನ ಒಂದು ಉಪಕೇಂದ್ರದಲ್ಲಿ ನಾನು ನರ್ಸ್ ಆಗಿದ್ದೆ. ತೊಂಬತ್ತರ ದಶಕದ ಮಾತು. ಉಪಕೇಂದ್ರ ಅಂದರೆ ಎರಡು ಕೋಣೆ, ಒಂದು ಜಗಲಿ, ಜಗಲಿಯ ಮೇಲೆ ಒಂದು ಬೆಂಚು. ಊರಿನವರು ನನ್ನನ್ನು ಸಿಸ್ಟ್ರು ಅಂತಲೋ ಅಕ್ಕ ಅಂತಲೋ ಕರೆಯುತ್ತಿದ್ದರು. ನನ್ನ ತವರು ವಸ್ತಾರೆ ಹತ್ತಿರ. ಅಪ್ಪನಿಗೆ ಸಣ್ಣದೊಂದು ಕಾಫಿ ತೋಟ. ನನ್ನನ್ನು ಮದುವೆಯಾದವರು ಇಲ್ಲೇ ಒಂದು ಎಸ್ಟೇಟಿನಲ್ಲಿ ರೈಟರ್. ಹಾಜರಿ ಬರೆಯುವುದು, ಬಟವಾಡೆ ಮಾಡುವುದು ಅವರ ಕೆಲಸ. ಮನೆಮನೆಗೆ ಹೋಗಿ ಬಸುರಿ ಬಾಣಂತಿಯರನ್ನು ನೋಡುವುದು, ಮಕ್ಕಳಿಗೆ ಚುಚ್ಚುಮದ್ದು ಹಾಕುವುದು ನನ್ನದು.

ಅದರ ಜೊತೆಗೆ ಇನ್ನೊಂದು ಕೆಲಸವೂ ಇತ್ತು. ನಿರೋಧ್ ಹಂಚಬೇಕಿತ್ತು. ಅದನ್ನು ನಾವು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಊರಲ್ಲಿ ಅದು ‘ಸರ್ಕಾರದ ಪಾಕೀಟು’. ಕೇಳುವವರು ಗೋಡೆ ನೋಡುತ್ತಾ ಕೇಳುವರು, ನಾನು ಕಿಟಕಿ ನೋಡುತ್ತಾ ಕೊಡುತ್ತಿದ್ದೆ. ಮಕ್ಕಳು ಬೇಡ ಅನ್ನುವವರಿಗೆ ಅಂತ ಮಾತ್ರ ಹೇಳುತ್ತಿದ್ದೆನೇ ಹೊರತು, ಅದರಿಂದ ಕಾಯಿಲೆಯನ್ನೂ ತಡೆಯಬಹುದು ಅಂತ ಬಾಯಿಬಿಟ್ಟು ಹೇಳುವ ಸಂದರ್ಭ ಬಂದಿರಲಿಲ್ಲ. ಬಂದಾಗ ಹೇಗೆ ಬಂತು ಅನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಬರೆಯಲೇ ಅಂತ ಆ ಗಂಡ ಹೆಂಡತಿ ಇಬ್ಬರನ್ನೂ ಕೇಳಿದ್ದೆ. “ಹೆಸರು ಹಾಕ್ಬೇಡಿ ಅಕ್ಕ, ಉಳಿದಿದ್ದು ಬರೀರಿ” ಅಂದರು.

ಅವನು ಲಾರಿ ಡ್ರೈವರ್. ಹಣ್ಣು ಕೊಯ್ಯುವ ಕಾಲದಲ್ಲಿ ಎಸ್ಟೇಟುಗಳ ಕಾಫಿ ಮೂಟೆ ಹೇರಿಕೊಂಡು ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುತ್ತಿದ್ದ, ಬರುವಾಗ ಗೊಬ್ಬರವೋ ಹಂಚೋ ತುಂಬಿಕೊಂಡು ಬರುತ್ತಿದ್ದ. ಮನೆಯಲ್ಲಿ ತಾಯಿ, ಹೆಂಡತಿ. ಮನೆ ಹಿಂದೆ ಒಂದಿಷ್ಟು ಕಾಫಿ, ಮೆಣಸಿನ ಬಳ್ಳಿ, ಮುಂದೆ ಸಗಣಿ ಸಾರಿಸಿದ ಕಣ. ಹೆಂಡತಿ ಕಳಸದ ಕಡೆಯವಳು. ಮದುವೆಯಾಗಿ ಬಂದಾಗ ತುಂಬಾ ಮಾತಾಡುತ್ತಿದ್ದಳಂತೆ. ನಾನು ನೋಡುವ ಹೊತ್ತಿಗೆ ಆ ಮಾತು ಹೋಗಿತ್ತು. ಮೊದಲನೇ ಮಗು ಏಳು ತಿಂಗಳಿಗೆ ಸತ್ತೇ ಹುಟ್ಟಿತ್ತು. ಎರಡನೆಯದು ಏಳು ತಿಂಗಳೂ ತುಂಬದೆ ಹೋಗಿತ್ತು. ಎರಡೂ ಸಲ ಮನೆಯಲ್ಲೇ ಆಯಿತು, ಆಸ್ಪತ್ರೆಯ ಮುಖ ಅವಳು ನೋಡಿರಲಿಲ್ಲ. ಅತ್ತೆ ದೇವರಿಗೆ ಹರಕೆ ಹೇಳಿಕೊಂಡರು, ಯಂತ್ರ ಕಟ್ಟಿಸಿದರು. ಕೊನೆಗೆ, “ಇವಳ ಹೊಟ್ಟೆಯೇ ಸರಿ ಇಲ್ಲ, ಇನ್ನೊಂದು ಸಲ ನೋಡ್ತೀನಿ, ಆಮೇಲೆ ಮಗನಿಗೆ ಬೇರೆ ಮದುವೆ ಮಾಡ್ತೀನಿ” ಅಂತ ಅಕ್ಕಪಕ್ಕದಲ್ಲಿ ಹೇಳಿಕೊಂಡು ಬಂದಿದ್ದರು.

ಒಂದು ಬೆಳಿಗ್ಗೆ ಅವಳು ಉಪಕೇಂದ್ರದ ಬಾಗಿಲಲ್ಲಿ ನಿಂತಿದ್ದಳು. ಸೆರಗಿನಲ್ಲಿ ನಾಲ್ಕು ಕಿತ್ತಳೆ ಹಣ್ಣು ಇದ್ದವು. ಅವನ್ನು ಮೇಜಿನ ಮೇಲಿಟ್ಟು, “ಅಕ್ಕ, ಮುಟ್ಟು ನಿಂತಿದೆ. ಮನೇಲಿ ಇನ್ನೂ ಹೇಳಿಲ್ಲ” ಅಂದಳು.

“ಗಂಡನಿಗೆ?”

“ಅವರಿಗೂ ಇಲ್ಲ. ಹೇಳಿದ್ರೆ ಆಸೆ ಇಟ್ಕೋತಾರೆ.”

ಈ ಸಲ ಮೊದಲಿನಿಂದಲೇ ಮೂಡಿಗೆರೆ ಆಸ್ಪತ್ರೆಗೆ ತೋರಿಸೋಣ, ನಾನೇ ಕರ್ಕೊಂಡು ಹೋಗ್ತೀನಿ ಅಂದೆ. ಅತ್ತೆಗೆ ತಲೆಸುತ್ತು ಅಂತ ಹೇಳಿ ಅವಳು ಹೊರಟಳು. ಮೂಡಿಗೆರೆಯಲ್ಲಿ ಲೇಡಿ ಡಾಕ್ಟರು ನಿಧಾನವಾಗಿ ಎಲ್ಲಾ ವಿಚಾರಿಸಿದರು. ರಕ್ತ ತೆಗೆಸಿದರು. ಮತ್ತೆ ಬರಲು ಹೇಳಿದ ದಿನ ನಾವು ಹೋದಾಗ ಅವರು ನನ್ನನ್ನು ಮೊದಲು ಒಳಗೆ ಕರೆಯಲಿಲ್ಲ. ಅವಳನ್ನೇ ಕೂರಿಸಿಕೊಂಡು, ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಲೇ ಅಂತ ಅವಳನ್ನು ಕೇಳಿದರು. ಅವಳು ಬಾಗಿಲಿಗೆ ಬಂದು ನನ್ನ ಕೈ ಹಿಡಿದು ಒಳಗೆ ಕರೆದುಕೊಂಡಳು.

“ನಿನ್ನ ರಕ್ತದಲ್ಲಿ ಒಂದು ಸೋಂಕು ಇದೆಯಮ್ಮ” ಅಂದರು ಡಾಕ್ಟರು. “ಸಿಫಿಲಿಸ್ ಅಂತಾರೆ. ಗಂಡ ಹೆಂಡತಿ ಕೂಡಿದಾಗ ಒಬ್ಬರಿಂದ ಒಬ್ಬರಿಗೆ ಬರುತ್ತೆ. ಹೊಟ್ಟೇಲಿರೋ ಮಗುವಿಗೂ ಹೋಗುತ್ತೆ. ಹೆದರ್ಬೇಡ, ಇದಕ್ಕೆ ಒಳ್ಳೆ ಔಷಧಿ ಇದೆ. ವಾರಕ್ಕೊಂದು ಇಂಜೆಕ್ಷನ್, ಮೂರು ವಾರ. ಆದ್ರೆ ಗಂಡನನ್ನೂ ಕರ್ಕೊಂಡು ಬರ್ಬೇಕು. ನಿನಗೊಬ್ಬಳಿಗೇ ಕೊಟ್ಟು ಅವನನ್ನ ಬಿಟ್ರೆ, ಅದು ತಿರುಗಿ ನಿನಗೇ ಬರುತ್ತೆ.”

ಮೊದಲು ಕೈಗೆ ಸ್ವಲ್ಪ ಹಾಕಿ ಔಷಧಿ ಒಗ್ಗುತ್ತದೋ ಇಲ್ಲವೋ ನೋಡಿ, ಆಮೇಲೆ ಅಂದಿನ ಇಂಜೆಕ್ಷನ್ ಕೊಟ್ಟರು. ದೊಡ್ಡ ಸೂಜಿ, ಗಟ್ಟಿ ಔಷಧಿ, ಬಹಳ ನೋವು. ಅವಳು ಹಲ್ಲು ಕಚ್ಚಿ ಸಹಿಸಿದಳು. ಹೊರಗೆ ಬಂದು ಆಸ್ಪತ್ರೆ ಕಾಂಪೌಂಡಿನ ಕಟ್ಟೆಯ ಮೇಲೆ ಒಂದು ಮಗ್ಗುಲಾಗಿ ಕೂತಳು. ಬಣಕಲ್ ಬಸ್ಸು ಹೊರಡುವುದಕ್ಕೆ ಇನ್ನೂ ಹೊತ್ತಿತ್ತು.

“ನಾನು ಎಂತ ಮಾಡಿದ್ದೆ ಅಕ್ಕ?” ಅಂದಳು.

“ನೀನು ಎಂತದೂ ಮಾಡಿಲ್ಲ ಮಾರಾಯ್ತಿ.”

“ಆ ಎರಡು ಮಕ್ಕಳು ಹೋಗಿದ್ದು ಇದರಿಂದಲೇನಾ?”

ಸುಳ್ಳು ಹೇಳುವ ಮನಸ್ಸಾಗಲಿಲ್ಲ. “ಇರಬಹುದು” ಅಂದೆ. ಅವಳು ರಸ್ತೆ ಕಡೆ ತಿರುಗಿದಳು. ಆಚೆ ಬದಿಯ ಅಂಗಡಿಯಲ್ಲಿ ಯಾರೋ ಬಾಳೆಗೊನೆ ಇಳಿಸುತ್ತಿದ್ದರು. ಅದನ್ನೇ ನೋಡುತ್ತಿದ್ದಳು. ಅವಳು ಅಳುತ್ತಾಳೆ ಅಂತ ನಾನು ಕಾಯುತ್ತಿದ್ದೆ. ಅವಳು ಅಳಲಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, “ಇದು ಉಳೀತದಾ?” ಅಂದಳು.

“ಬೇಗ ಗೊತ್ತಾಗಿದೆ. ಔಷಧಿ ಪೂರ್ತಿ ಮಾಡಿದ್ರೆ ಉಳಿಯುತ್ತೆ ಅಂತಾನೇ ಡಾಕ್ಟರು ಹೇಳಿದ್ದು.”

“ಹಂಗಾದ್ರೆ ಅವರಿಗೆ ನೀವೇ ಹೇಳಿ. ನಾನು ಹೇಳಿದ್ರೆ ಜಗಳ ಆಗ್ತದೆ. ಜಗಳ ಆಮೇಲೆ ಆಡ್ತೀನಿ. ಮೊದಲು ಅವರು ಬಂದು ಇಂಜೆಕ್ಷನ್ ಹಾಕಿಸ್ಕೊಳ್ಳಲಿ.”

ಅವಳ ಬುದ್ಧಿ ಅಷ್ಟು ನೆಟ್ಟಗಿತ್ತು. ನನ್ನ ಬುದ್ಧಿಯೇ ಅಲ್ಲಾಡುತ್ತಿತ್ತು. ಬೇರೆಯವರ ಗಂಡನಿಗೆ, ಅದೂ ದಿನಾ ದಾರಿಯಲ್ಲಿ ಹಾರ್ನ್ ಹೊಡೆದು ತಲೆಬಾಗಿಸಿ ಹೋಗುವ ಹುಡುಗನಿಗೆ, ಇದನ್ನು ಹೇಗೆ ಹೇಳುವುದು? ಸಂಜೆ ನನ್ನ ಮನೆಯವರ ಹತ್ತಿರ, ಯಾರು ಏನು ಅಂತ ಹೇಳದೆ, ಒಬ್ಬ ಗಂಡಸಿಗೆ ಇಂಥದ್ದೊಂದು ವಿಷಯ ಹೇಳಬೇಕಾಗಿದೆ ಅಂದೆ. “ಎಲ್ಲಿ, ನನಗೆ ಹೇಳಿ ತೋರಿಸು” ಅಂದರು. ಅವರನ್ನು ಎದುರಿಗೆ ಕೂರಿಸಿಕೊಂಡು ತರಬೇತಿಯಲ್ಲಿ ಕಲಿಸಿದ್ದನ್ನೆಲ್ಲ ಒಪ್ಪಿಸಿದೆ. ರೋಗ ಹೇಗೆ ಹರಡುತ್ತದೆ, ಏನೇನು ಮಾಡಬಾರದು, ಏನೇನು ಮಾಡಬೇಕು. ಅವರು ಕಾಫಿ ಕುಡಿದು ಮುಗಿಸುವ ತನಕ ಕೇಳಿ, “ನೀನು ಗೋಡೆಗೆ ಪಾಠ ಹೇಳಿದ ಹಾಗೆ ಹೇಳ್ತೀಯಲ್ಲ. ಅವನಿಗೂ ಏನೋ ಹೇಳೋದಿರುತ್ತೆ. ಮೊದಲು ಕೇಳು” ಅಂದರು. ನನಗೆ ಆ ಹೊತ್ತಿಗೆ ಸಿಟ್ಟು ಬಂತು.

ಎರಡು ದಿನ ಬಿಟ್ಟು ಅವನ ಲಾರಿ ಮೂಟೆ ಹೇರಿಕೊಂಡು ಬರುವುದು ಕಂಡಿತು. ರಸ್ತೆಗೆ ಬಂದು ಕೈ ಅಡ್ಡ ಹಾಕಿದೆ.

“ಕೊಟ್ಟಿಗೆಹಾರದ ತನಕ ಬಿಡ್ತೀಯಾ?”

“ಹತ್ತಿ ಅಕ್ಕ, ಅದಕ್ಕೇನು.” ಕ್ಲೀನರನ್ನು ಹಿಂದೆ ಮೂಟೆಯ ಮೇಲೆ ಕಳಿಸಿ ನನಗೆ ಸೀಟು ಒರೆಸಿಕೊಟ್ಟ. ಲಾರಿಯ ತುಂಬಾ ಒಣಗಿದ ಕಾಫಿಯ ವಾಸನೆ. ಅವನು ಮುಂದೆ ನೋಡುತ್ತಾ ಓಡಿಸುತ್ತಿದ್ದ, ನಾನೂ ಮುಂದೆ ನೋಡುತ್ತಾ ಕೂತಿದ್ದೆ. ಮುಖ ನೋಡಬೇಕಾಗಿಲ್ಲದ್ದರಿಂದ ಬಾಯಿ ತೆರೆಯುವ ಧೈರ್ಯ ಬಂತು.

“ನಿನ್ನ ಹೆಂಡತಿ ಮತ್ತೆ ಬಸುರಿ” ಅಂದೆ.

ಅವನು ಗೇರ್ ಇಳಿಸಿದ. “ನಂಗೆ ಹೇಳಿಲ್ಲ” ಅಂದ, ಬಹಳ ಮೆಲ್ಲಗೆ.

“ಹೆದರಿದ್ದಾಳೆ. ಮೂಡಿಗೆರೆಗೆ ಕರ್ಕೊಂಡು ಹೋಗಿದ್ದೆ. ಡಾಕ್ಟರು ರಕ್ತ ಪರೀಕ್ಷೆ ಮಾಡಿದ್ರು.” ಆಮೇಲೆ ಪಾಠ ಒಪ್ಪಿಸುವುದಕ್ಕೆ ಬಾಯಿ ತೆಗೆದವಳು, ತಡೆದು, “ನಿನಗೆ ಯಾವಾಗಾದ್ರೂ ಹುಣ್ಣು ಏನಾದ್ರೂ ಆಗಿತ್ತಾ? ಕೆಳಗೆ?” ಅಂತ ಕೇಳಿದೆ. ನನ್ನ ದನಿ ನನಗೇ ಅಪರಿಚಿತವಾಗಿತ್ತು.

ಅವನು ಒಂದು ತಿರುವು ದಾಟಿಸಿದ. ಆಮೇಲೆ, “ಆಗಿತ್ತು ಅಕ್ಕ” ಅಂದ. “ಮದುವೆಗೆ ಸ್ವಲ್ಪ ಮುಂಚೆ. ಒಂದೇ ಒಂದು. ನೋವು ಇರ್ಲಿಲ್ಲ. ಮೆಡಿಕಲ್‌ನಲ್ಲಿ ಕೇಳಿ ಮುಲಾಮು ತಗೊಂಡೆ. ಅದು ತಾನಾಗೇ ಮಾಯ್ತು. ಮಾಯ್ತಲ್ಲ ಅಂತ ಬಿಟ್ಟೆ.”

“ಹುಣ್ಣು ಮಾಯುತ್ತೆ. ಕಾಯಿಲೆ ಹೋಗಿರೋದಿಲ್ಲ. ಒಳಗೆ ರಕ್ತದಲ್ಲಿ ಉಳ್ಕೊಂಡಿರುತ್ತೆ. ನಿನ್ನಿಂದ ಅವಳಿಗೆ, ಅವಳಿಂದ ಮಗುವಿಗೆ.”

ಅವನು ರಸ್ತೆ ಬದಿಗೆ ಲಾರಿ ನಿಲ್ಲಿಸಿದ. ಎಂಜಿನ್ ಆರಿಸಿದ. ಹಿಂದಿನಿಂದ ಕ್ಲೀನರು ಏನಾಯಿತು ಅಂತ ಕೂಗಿದ. “ಏನಿಲ್ಲ, ಬಿಸಿಯಾಗಿದೆ, ತಣೀಲಿ” ಅಂತ ಇವನು ತಿರುಗಿ ಕೂಗಿದ. ಆಮೇಲೆ ಸ್ಟೇರಿಂಗಿಗೆ ಹಣೆ ಹಚ್ಚಿದ.

“ಎರಡು ಮಕ್ಕಳೂ ನನ್ನಿಂದಲಾ ಹೋಗಿದ್ದು?”

“ಇರಬಹುದು. ಹೋದದ್ದಕ್ಕೆ ಈಗ ಏನೂ ಮಾಡಕ್ಕಾಗಲ್ಲ. ಇದನ್ನ ಉಳಿಸ್ಕೊಳ್ಳೋದಕ್ಕೆ ಮಾಡೋದಿದೆ.”

ಅವನು ಅಳುತ್ತಿದ್ದ. ನಾನು ತಮ್ಮಂದಿರಿಲ್ಲದವಳು, ಗಂಡಸು ಅತ್ತರೆ ಏನು ಮಾಡಬೇಕು ಅಂತ ಗೊತ್ತಿಲ್ಲ. ಬೆನ್ನ ಮೇಲೆ ಕೈಯಿಟ್ಟೆ. ಅವನು ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡು, “ಅವಳು ಎಂತ ಅಂದ್ಲು?” ಅಂದ.

“ಮೊದಲು ಇಂಜೆಕ್ಷನ್, ಆಮೇಲೆ ಜಗಳ ಅಂದ್ಲು.”

ಅವನ ಮುಖದಲ್ಲಿ ನಗುವಿನಂಥದ್ದೇನೋ ಬಂದು ಹೋಯಿತು. “ಅವಳು ಹಂಗೇ” ಅಂದ.

ಮುಂದಿನ ವಾರ ಮೂವರೂ ಮೂಡಿಗೆರೆಗೆ ಹೋದೆವು. ಚಾರ್ಮಾಡಿಯ ತಿರುವುಗಳಲ್ಲಿ ಮಂಜಿನೊಳಗೆ ಲೋಡು ಲಾರಿ ಇಳಿಸುವವನು ಸೂಜಿ ಕಂಡು ಬೆವತುಬಿಟ್ಟ. ಕಾಂಪೌಂಡರು ಔಷಧಿ ಕಲಸುವುದನ್ನು ನೋಡಲಾರದೆ ಗೋಡೆ ಕಡೆ ತಿರುಗಿದ. ಚುಚ್ಚಿದ ಮೇಲೆ ಒಂದು ಕಾಲು ಎಳೆದುಕೊಂಡು ಹೊರಗೆ ಬಂದವನನ್ನು ಹೆಂಡತಿ ನೋಡಿದಳು. ಅವಳು ಆ ವಾರವೆಲ್ಲ ಅವನ ಜೊತೆ ಮಾತು ಬಿಟ್ಟಿದ್ದಳು, ಊಟ ಬಡಿಸಿ ಒಳಗೆ ಹೋಗಿಬಿಡುತ್ತಿದ್ದಳಂತೆ. ಅವನ ಕುಂಟು ನಡಿಗೆ ನೋಡಿ ಅವಳಿಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಗುತ್ತಾ ನಗುತ್ತಾ ಅಳು ಬಂತು. ವಿಷಯ ತಿಳಿದ ದಿನ ಬಿಡದಿದ್ದ ಕಣ್ಣೀರು ಅಂದು ಆ ಕಟ್ಟೆಯ ಮೇಲೆ ಬಿಟ್ಟಳು. ಅವನು ಪಕ್ಕದಲ್ಲಿ ಕೂರಲಾರದೆ, ನಿಲ್ಲಲಾರದೆ ಒದ್ದಾಡುತ್ತಿದ್ದ. ನಾನು ಬಾಳೆಹಣ್ಣು ತರುವ ನೆವದಲ್ಲಿ ರಸ್ತೆ ದಾಟಿ ಹೋದೆ.

ಇಬ್ಬರ ಔಷಧಿ ಮುಗಿದು ಡಾಕ್ಟರು ಹೇಳುವ ತನಕ ಕೂಡಬಾರದು, ತಡೆಯಲಾಗದಿದ್ದರೆ ನಿರೋಧ್ ಇಲ್ಲದೆ ಬೇಡ ಅಂತ ಡಾಕ್ಟರು ಹೇಳಿದ್ದರು. ಅದನ್ನು ಹಾಕುವುದು ಹೇಗೆ ಅಂತ ತೋರಿಸುವ ಕೆಲಸ ನನ್ನ ಪಾಲಿಗೆ ಬಂತು. ಉಪಕೇಂದ್ರದ ಒಳಕೋಣೆಯಲ್ಲಿ ಇಬ್ಬರನ್ನೂ ಕೂರಿಸಿಕೊಂಡು, ನನ್ನ ಎರಡು ಬೆರಳು ಜೋಡಿಸಿ, ಅದರ ಮೇಲೆ ಪಾಕೀಟಿನೊಳಗಿನದನ್ನು ಬಿಡಿಸಿ ತೋರಿಸಿದೆ. ತುದಿಯ ಗಾಳಿ ಹಿಂಡಬೇಕು, ಪೂರ್ತಿ ಕೆಳಗಿನ ತನಕ ಬಿಡಿಸಬೇಕು, ಒಂದನ್ನು ಒಂದೇ ಸಲ ಬಳಸಬೇಕು. ಕಿವಿಯೆಲ್ಲ ಬಿಸಿಯಾಗಿ ನನ್ನ ಮುಖ ಕೆಂಪಗಾಗಿರಬೇಕು. ಅವಳೇ, “ಅಕ್ಕ, ನೀವು ನಮಗಿಂತ ನಾಚ್ಕೋತೀರಲ್ಲ, ಕೊಡಿ ಇಲ್ಲಿ” ಅಂತ ಇನ್ನೊಂದು ಪಾಕೀಟು ತಗೊಂಡು ಬಿಚ್ಚಿದಳು. ಆಮೇಲೆ ಆ ಕೋಣೆಯಲ್ಲಿ ನಾಚಿಕೆ ಸ್ವಲ್ಪ ಸಡಿಲವಾಯಿತು.

“ಸರಿ, ಮನೇಲಿ ಇದಾಯ್ತು” ಅಂದಳು ಅವಳು, ಗಂಡನ ಕಡೆ ತಿರುಗಿ. “ನಾನು ನಿಮ್ಮನ್ನ ಬಿಟ್ಟು ಹೋಗಲ್ಲ. ಹಂಗಂತ ಸುಮ್ನೆ ಇರೋದೂ ಇಲ್ಲ. ಘಾಟಿ ಇಳಿದ ಮೇಲೆ ಎಂತ ಮಾಡ್ತೀರಿ, ಅದನ್ನ ಹೇಳಿ.”

ಹೊರಗಿನ ಹೆಂಗಸರ ಹತ್ತಿರ ಮತ್ತೆ ಹೋಗಲ್ಲ ಅಂತ ಅವನು ಆಣೆ ಮಾಡಲು ಹೊರಟ. “ಆಣೆ ಬೇಡ” ಅಂದಳು. ನಾನು, ಹೋಗುವುದು ಯಾವಾಗ, ಹೇಗೆ ಅಂತ ಕೇಳಿದೆ. ಅವನು ಯೋಚಿಸಿ ಯೋಚಿಸಿ ಹೇಳಿದ. ಲೋಡು ಇಳಿಸುವುದು ತಡವಾಗಿ ಅಲ್ಲೇ ತಂಗಬೇಕಾದಾಗ. ಒಬ್ಬನೇ ಇದ್ದಾಗ ಇಲ್ಲ, ಜೊತೆಗಾರರು ಕರೆದಾಗ. ಮೊದಲು ಕುಡಿಯಲಿಕ್ಕೆ, ಆಮೇಲೆ ಅಲ್ಲಿಗೆ. “ಕುಡಿದ ಮೇಲೆ ಹೋಗೋದು ಬ್ಯಾಡ ಅನ್ನೋ ಬುದ್ಧಿ ಇರಲ್ಲ ಅಕ್ಕ. ಕುಡಿಯೋಕೆ ಕೂರದಿದ್ರೇ ಆಯ್ತು.” ಹಾಗಾದರೆ ಕುಡಿಯಲು ಕೂರದೆ ಇರಲು ಏನು ಮಾಡ್ತೀಯ ಅಂದೆ. ಬೆಳಗಿನ ಜಾವಕ್ಕೇ ಹೊರಟರೆ ಅದೇ ದಿನ ಲೋಡು ಇಳಿಸಿ ವಾಪಸು ಬರಬಹುದು ಅಂದ. ತಂಗಲೇಬೇಕಾದರೆ ಆ ಗುಂಪಿನ ಜೊತೆ ಹೋಟೆಲಿಗೆ ಹೋಗದೆ ಲಾರಿ ಪಕ್ಕದಲ್ಲೇ ಸ್ಟೌ ಹಚ್ಚಿ ಅನ್ನ ಮಾಡಿಕೊಳ್ಳುತ್ತೇನೆ ಅಂದ. ಅವಳು ಎಲ್ಲ ಕೇಳಿ, “ಲಾರೀಲಿ ಈ ಪಾಕೀಟೂ ಇರಲಿ” ಅಂದಳು. ಅವನು ತಲೆತಗ್ಗಿಸಿದ. “ಬುದ್ಧಿ ಕೆಟ್ಟರೂ ಕಾಯಿಲೆ ಮನೆಗೆ ಬರಬಾರದು, ಅದಕ್ಕೆ” ಅಂದಳು. ಆ ಮಾತು ಹೇಳಲು ಅವಳಿಗೆ ಎಷ್ಟು ಕಷ್ಟವಾಗಿರಬೇಕು ಅಂತ ನಾನು ಇವತ್ತಿಗೂ ಯೋಚಿಸುತ್ತೇನೆ.

ಅವನ ತಾಯಿಗೆ ನಾನು ಏನೂ ಹೇಳುವಂತಿರಲಿಲ್ಲ. ಹೇಳುವುದು ನನ್ನ ಹಕ್ಕೂ ಅಲ್ಲ. ಅವರಿಗೆ ಸೊಸೆ ಬಸುರಿ ಅಂತ ಗೊತ್ತಾದ ಮೇಲೆ ಹರಕೆಗಳು ಮತ್ತೆ ಶುರುವಾದವು. ಕಾಫಿ ಒಣಗಿಸುವುದು ಮುಗಿಯುತ್ತಾ ಬಂದ ಕಾಲ. ನಾನು ಅವಳ ತೂಕ, ರಕ್ತದೊತ್ತಡ ನೋಡಲು ಮನೆಗೆ ಹೋಗಿದ್ದೆ. ಅತ್ತೆ ಕಣದಲ್ಲಿ ಕಾಫಿ ಕೆದರುತ್ತಿದ್ದರು. ಗಟ್ಟಿ ಹೆಂಗಸು, ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಒಬ್ಬ ಮಗನನ್ನು ಸಾಕಿದವರು.

“ಸಿಸ್ಟ್ರೇ, ಸುಮ್ನೆ ಯಾಕೆ ಓಡಾಡ್ತೀರಿ? ಇವಳ ಹೊಟ್ಟೆಯಲ್ಲೇ ದೋಷ ಇದೆ. ಬೀಜ ಎಷ್ಟು ಚೆನ್ನಾಗಿದ್ರೆ ಏನು ಬಂತು, ಮಣ್ಣು ಸರಿ ಇಲ್ಲದಿದ್ರೆ?” ಅಂದರು. ಸೊಸೆ ಜಗಲಿಯಲ್ಲೇ ಇದ್ದಳು. ಅವಳಿಗೆ ಕೇಳಲಿ ಅಂತಲೇ ಅಂದ ಮಾತು.

ಮಗ ಲಾರಿಯ ಟಾರ್ಪಾಲು ಮಡಿಸುತ್ತಿದ್ದ. ಅದನ್ನು ಅಲ್ಲೇ ಬಿಟ್ಟು ಕಣಕ್ಕೆ ಬಂದ. ಬರಿಗಾಲಲ್ಲಿ ಕಾಫಿ ತುಳಿದುಕೊಂಡೇ ಬಂದು ತಾಯಿಯ ಎದುರು ನಿಂತ.

“ಅವ್ವ, ದೋಷ ಅವಳದ್ದಲ್ಲ. ನಂದು.”

“ಎಂತ ಮಾತಾಡ್ತಿದೀಯ?”

“ಕಾಯಿಲೆ ನನಗೆ ಇತ್ತು. ಹೊರಗೆ ಹೋಗಿ ತಂದ್ಕೊಂಡಿದ್ದೆ. ನನ್ನಿಂದ ಅವಳಿಗೆ ಬಂತು. ಆ ಮಕ್ಕಳು ಹೋಗಿದ್ದು ನನ್ನಿಂದ. ಈಗ ಇಬ್ಬರೂ ಔಷಧಿ ಮಾಡಿದೀವಿ. ಇನ್ನು ಮೇಲೆ ಅವಳ ಹೊಟ್ಟೆ ಬಗ್ಗೆ ಯಾರ ಹತ್ರನೂ ಮಾತಾಡ್ಬೇಡ.”

ಅವನ ದನಿ ಏರಿರಲಿಲ್ಲ. ಹೇಳಿ ಮುಗಿಸಿ ಅಲ್ಲೇ ನಿಂತ, ಬೈದರೆ ಬೈಸಿಕೊಳ್ಳಲು, ಹೊಡೆದರೆ ಹೊಡೆಸಿಕೊಳ್ಳಲು. ಆ ಊರಲ್ಲಿ, ಆ ಕಾಲದಲ್ಲಿ, ಒಬ್ಬ ಗಂಡಸು ತನ್ನ ತಾಯಿಯ ಮುಂದೆ ಹೀಗೆ ನಿಂತದ್ದನ್ನು ನಾನು ಕಂಡಿರಲಿಲ್ಲ. ಜಗಲಿಯಲ್ಲಿ ಅವಳು ಕಂಬ ಹಿಡಿದುಕೊಂಡು ಎದ್ದು ನಿಂತಿದ್ದಳು.

ತಾಯಿ ಕಾಫಿ ಕೆದರುವುದಕ್ಕೆ ತಿರುಗಿಕೊಂಡರು. ಕೆದರಿದ ಕಡೆಯೇ ಮತ್ತೆ ಮತ್ತೆ ಕೆದರುತ್ತಿದ್ದರು. ನಾನು ನನ್ನ ಚೀಲ ಎತ್ತಿಕೊಂಡು ಮೆಲ್ಲಗೆ ಹೊರಟೆ.

ಆಮೇಲಿನದು ಅವಳೇ ಹೇಳಿದ್ದು. ಅತ್ತೆ ಹಲವು ದಿನ ಯಾರ ಹತ್ತಿರವೂ ಮಾತಾಡಲಿಲ್ಲವಂತೆ. ಮಗನಿಗೆ ಊಟ ಬಡಿಸಲೂ ಬರಲಿಲ್ಲ. ಒಂದು ಮಧ್ಯಾಹ್ನ ಸೊಸೆ ಮಲಗಿದ್ದಾಗ ಪಕ್ಕದಲ್ಲಿ ಬಂದು ಕೂತು, ಎಣ್ಣೆ ಬಟ್ಟಲು ತಂದು, ಅವಳ ಊದಿದ ಕಾಲಿಗೆ ಎಣ್ಣೆ ಹಚ್ಚತೊಡಗಿದರು. ಅವಳು ಕಾಲು ಎಳೆದುಕೊಳ್ಳಲು ಹೋದಳು, ಅತ್ತೆ ಕೈಯಲ್ಲಿ ಕಾಲು ಹಿಡಿಸುವುದೇ ಅಂತ. “ಸುಮ್ನೆ ಇರು” ಅಂದರಂತೆ. ಎರಡೂ ಕಾಲಿಗೆ ಹಚ್ಚಿ ಮುಗಿಸಿ, “ನಾನು ಬಾಯಿಗೆ ಬಂದಿದ್ದು ಅಂದುಬಿಟ್ಟಿದ್ದೀನಿ ಮಗ” ಅಂದು ಎದ್ದು ಹೋದರಂತೆ. ಅದನ್ನು ನನಗೆ ಹೇಳುವಾಗ ಅವಳು ತನ್ನ ಪಾದಗಳನ್ನೇ ನೋಡುತ್ತಿದ್ದಳು.

ಮಳೆಗಾಲದಲ್ಲಿ ಮೂಡಿಗೆರೆ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಹೆಣ್ಣು ಮಗು. ಸಣ್ಣದಾಗಿತ್ತು, ಆದರೆ ಗಂಟಲು ಜೋರಾಗಿತ್ತು. ಡಾಕ್ಟರು ಮಗುವನ್ನೂ ಸರಿಯಾಗಿ ಪರೀಕ್ಷೆ ಮಾಡಿ, ತೊಂದರೆ ಇಲ್ಲ, ಆದರೂ ಕೆಲವು ತಿಂಗಳು ಕರ್ಕೊಂಡು ಬಂದು ತೋರಿಸ್ತಾ ಇರಿ ಅಂದರು. ಅಜ್ಜಿ ಮಗುವನ್ನು ಎತ್ತಿಕೊಂಡವರು ಯಾರಿಗೂ ಕೊಡಲಿಲ್ಲ. ಅವನು ವಾರ್ಡಿನ ಬಾಗಿಲಲ್ಲಿ ನಿಂತು, ಒಳಗೆ ಬರಲು ಯಾರದ್ದೋ ಅಪ್ಪಣೆ ಬೇಕೇನೋ ಅನ್ನುವಂತೆ ನೋಡುತ್ತಿದ್ದ. ಹೆಂಡತಿಯೇ ಕರೆದಳು. “ಬನ್ನಿ, ಮೂಗು ನಿಮ್ಮದೇ.”

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು ಅನಿಸುತ್ತದೆ. ಮನುಷ್ಯ ಬದಲಾಗುವುದು ಒಂದೇ ಸಲಕ್ಕೆ ಅಲ್ಲ. ಅವಳು ಬಾಣಂತನಕ್ಕೆ ಕಳಸದ ತವರಿಗೆ ಹೋಗಿದ್ದಾಗ ಅವನು ಒಂದು ದಿನ ಉಪಕೇಂದ್ರಕ್ಕೆ ಬಂದ. ಬೆಂಚಿನ ಮೇಲೆ ಕೂತು ಕೈ ಉಜ್ಜಿಕೊಳ್ಳುತ್ತಿದ್ದ.

“ಹೋಗಿದ್ದೆ ಅಕ್ಕ” ಅಂದ. “ಲೋಡು ಎರಡು ದಿನ ಇಳೀಲಿಲ್ಲ. ಜೊತೆಯವರು ಕರೆದ್ರು. ಪಾಕೀಟು ಇತ್ತು, ಹಾಕ್ಕೊಂಡಿದ್ದೆ. ಆದ್ರೂ ಹೋದೆ.”

ನನಗೆ ಬೇಸರವಾಗಲಿಲ್ಲ ಅಂದರೆ ಸುಳ್ಳು. ಆದರೆ ಅವನು ಬಂದು ಹೇಳಿದ್ದ, ಯಾರೂ ಕೇಳದೆ. ಬೈದರೆ ಇನ್ನೊಂದು ಸಲ ಬರುವುದಿಲ್ಲ. “ಬಂದು ಹೇಳಿದ್ದು ಒಳ್ಳೇದಾಯ್ತು. ಪಾಕೀಟು ಹಾಕ್ಕೊಂಡಿದ್ದೂ ಒಳ್ಳೇದಾಯ್ತು. ಮೂಡಿಗೆರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸು, ಸ್ವಲ್ಪ ದಿನ ಬಿಟ್ಟು ಮತ್ತೆ ಮಾಡಿಸು. ಅವಳಿಗೆ ನೀನೇ ಹೇಳು” ಅಂದೆ.

“ಬಿಟ್ಟುಬಿಡ್ತಾಳೆ.”

“ಬಿಡಬಹುದು. ಬೇರೆಯವರಿಂದ ಗೊತ್ತಾದ್ರೆ ಖಂಡಿತ ಬಿಡ್ತಾಳೆ.”

ಅವನು ಕಳಸಕ್ಕೆ ಹೋಗಿ ಹೇಳಿದ. ಅವಳು ವಾಪಸು ಬರಲು ಒಪ್ಪಲಿಲ್ಲ. ಮೂರು ತಿಂಗಳಿಗೆ ಬರಬೇಕಾದವಳು ಇನ್ನೂ ಎರಡು ತಿಂಗಳು ತವರಲ್ಲೇ ಉಳಿದಳು. ಅವನು ರಜೆ ಸಿಕ್ಕಿದಾಗಲೆಲ್ಲ ಬಸ್ಸು ಹತ್ತಿ ಹೋಗಿ ಮಗುವನ್ನು ನೋಡಿಕೊಂಡು, ಅವಳ ಅಪ್ಪನ ಜೊತೆ ತೋಟದ ಕೆಲಸ ಮಾಡಿಕೊಟ್ಟು, ಅವಳು ಮಾತಾಡಿದಷ್ಟು ಮಾತಾಡಿ ಬರುತ್ತಿದ್ದ. ಪರೀಕ್ಷೆಗಳೆಲ್ಲ ಸರಿ ಬಂದ ಮೇಲೆ ಅವಳು ಹೇಳಿದ್ದು ಒಂದೇ ಮಾತು. “ತಂಗುವ ಲೋಡು ಬಿಡಿ. ದುಡ್ಡು ಕಮ್ಮಿಯಾದ್ರೆ ನಾನೂ ಕೆಲಸಕ್ಕೆ ಹೋಗ್ತೀನಿ.” ಅವನು ಮಂಗಳೂರು ಲೋಡು ಬಿಟ್ಟು ಮೂಡಿಗೆರೆ, ಚಿಕ್ಕಮಗಳೂರು ಕಡೆಯ ಓಡಾಟ ಹಿಡಿದ. ಆದರೆ ಬಿಡುವ ಮುಂಚೆ ಒಂದು ಸಲ ಅವಳನ್ನೂ ಮಗುವನ್ನೂ ಮುಂದೆ ಕೂರಿಸಿಕೊಂಡು ಘಾಟಿ ಇಳಿದ. ಅವಳು ಸಮುದ್ರ ನೋಡಿರಲಿಲ್ಲ. ವಾಪಸು ಬಂದವಳು ನನಗೆ ಒಂದು ಪೊಟ್ಟಣ ಒಣ ಸೀಗಡಿ ಕೊಟ್ಟಳು. ನಾವು ಮೀನು ತಿನ್ನುವವರಲ್ಲ ಅನ್ನುವುದು ಅವಳಿಗೆ ಮರೆತಿತ್ತು. ನನಗೆ ಅದನ್ನು ನೆನಪಿಸುವ ಮನಸ್ಸಾಗಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಏಡ್ಸ್ ಬಗ್ಗೆ ಎಲ್ಲ ಕಡೆ ಭಿತ್ತಿಪತ್ರ ಬಂದವು, ಬಸ್ ಸ್ಟ್ಯಾಂಡಿನಲ್ಲಿ ಬೀದಿನಾಟಕ ಆಡಿದರು. ಕೊಟ್ಟಿಗೆಹಾರದಲ್ಲಿ ಘಾಟಿ ಇಳಿಯುವ ಮುಂಚೆ ಟೀ ಕುಡಿಯಲು ನಿಲ್ಲುವ ಡ್ರೈವರುಗಳ ಹತ್ತಿರ ನಾನೂ ಹೋಗಿ ಮಾತಾಡಬೇಕಿತ್ತು. ನನ್ನನ್ನು ಕಂಡರೆ ಒಬ್ಬೊಬ್ಬರಾಗಿ ಲಾರಿ ಹತ್ತುತ್ತಿದ್ದರು. ಅವನಿಗೆ ಹೇಳಿದೆ. “ನೀವು ಮನೆಗೆ ಹೋಗಿ ಅಕ್ಕ, ನಾನು ಕೂರ್ತೀನಿ” ಅಂದ. ಹೋಟೆಲಿನ ಪಕ್ಕದ ಬೀಡಾ ಅಂಗಡಿಯವರನ್ನು ಒಪ್ಪಿಸಿ, ಎಲೆಯಡಿಕೆಯ ಜೊತೆಗೇ ಪಾಕೀಟುಗಳ ಡಬ್ಬಿ ಇಡಿಸಿದ. ಕೇಳಬೇಕಾಗಿಲ್ಲ, ಕೈಹಾಕಿ ತಗೊಂಡು ಹೋಗಬಹುದು. ಬಿಡುವಿದ್ದಾಗ ಅಲ್ಲಿ ಕೂತು ಮಾತಿಗೆಳೆಯುತ್ತಿದ್ದ. ಏಡ್ಸ್ ಅಂತ ಶುರುಮಾಡುತ್ತಲೇ ಇರಲಿಲ್ಲವಂತೆ. ಟಯರು, ಡೀಸಲ್ಲು, ಮಕ್ಕಳ ಸ್ಕೂಲು ಎಲ್ಲ ಆದ ಮೇಲೆ, “ನಂದೊಂದು ವಿಷಯ ಹೇಳ್ತೀನಿ ಮಾರಾಯ” ಅಂತ ತನ್ನ ಕಥೆ ಹೇಳುತ್ತಿದ್ದ. ಹೆಂಡತಿಯ ಅಪ್ಪಣೆ ಕೇಳಿಯೇ ಹೇಳಲು ಶುರು ಮಾಡಿದ್ದು. ಕೆಲವರು ನಗುತ್ತಿದ್ದರು. ಕೆಲವರು ಎದ್ದು ಹೋಗಿ, ಮುಂದಿನ ಟ್ರಿಪ್ಪಿನಲ್ಲಿ ಅವನು ಎಲ್ಲಿದ್ದಾನೆ ಅಂತ ವಿಚಾರಿಸುತ್ತಿದ್ದರು. ಅಂಥವರನ್ನು ಮೂಡಿಗೆರೆಗೆ ತಾನೇ ಕರೆದೊಯ್ದು, ಪರೀಕ್ಷೆ ಮುಗಿಯುವ ತನಕ ಹೊರಗೆ ಕಾದು ಕೂರುತ್ತಿದ್ದ.

ನಾನು ಆ ಉಪಕೇಂದ್ರ ಬಿಡುವ ವರ್ಷ, ಒಂದು ಬೆಳಿಗ್ಗೆ ಅವನ ತಾಯಿ ಬಂದರು. ಬೆನ್ನು ಬಾಗಿತ್ತು. ಜೊತೆಯಲ್ಲಿ ಇಪ್ಪತ್ತು ದಾಟಿರದ ಹುಡುಗಿ, ಅವರ ತಮ್ಮನ ಸೊಸೆ. ಹುಡುಗಿ ಸೆರಗನ್ನು ಬೆರಳಿಗೆ ಸುತ್ತುತ್ತಾ ನೆಲ ನೋಡುತ್ತಿದ್ದಳು.

“ಸಿಸ್ಟ್ರೇ, ಇವಳಿಗೆ ಏನೋ ತೊಂದರೆ ಇದೆ. ಕೆಳಗೆ ಉರಿ, ಬಿಳುಪು ಹೋಗ್ತದೆ ಅಂತ ನನ್ನ ಸೊಸೆ ಹತ್ರ ಹೇಳ್ಕೊಂಡ್ಳಂತೆ. ಅವಳು ನಿಮ್ಮ ಹತ್ರ ಕರ್ಕೊಂಡು ಹೋಗಿ ಅಂದ್ಲು. ಇವಳ ಗಂಡನಿಗೂ ನಾಳೆ ಬರಕ್ಕೆ ಹೇಳಿದೀನಿ. ಬರಲ್ಲ ಅಂದ. ನನ್ನ ಮಗ ಬಂದು ನಿನ್ನ ಜೊತೆ ಮಾತಾಡ್ತಾನೆ, ಆಮೇಲೆ ಬರ್ತೀಯ ಅಂದೆ.”

ನಾನು ಅವರಿಗೂ ಒಳಗೆ ಬರಲು ಹೇಳಿದೆ. ಅವರು ತಲೆಯಾಡಿಸಿದರು.

“ನಾನು ಯಾಕೆ? ಅದು ಅವಳು ನಿಮ್ಮ ಹತ್ರ ಹೇಳ್ಕೊಳ್ಳೋ ಮಾತು. ನಾನು ಇಲ್ಲೇ ಕೂತಿರ್ತೀನಿ.” ಹುಡುಗಿಯ ಬೆನ್ನು ಸವರಿ ಒಳಗೆ ಕಳಿಸಿ, ಜಗಲಿಯ ಬೆಂಚಿನ ಮೇಲೆ ಎಲೆಯಡಿಕೆ ಚೀಲ ಬಿಚ್ಚಿಕೊಂಡು ಕೂತರು. ಯಾರೋ ಮಾತ್ರೆ ಕೇಳಲು ಬಂದದ್ದು ಕೇಳಿಸಿತು. “ಸ್ವಲ್ಪ ತಡಿ, ಒಳಗೆ ಹೋಗ್ಬೇಡ” ಅಂತ ಅವರನ್ನು ಅಂಗಳದಲ್ಲೇ ನಿಲ್ಲಿಸಿದರು.

ಒಳಗೆ ಹುಡುಗಿ ಕುರ್ಚಿಯ ಅಂಚಿನಲ್ಲಿ ಕೂತಿದ್ದಳು. ನಾನು ಬಾಗಿಲು ಅರ್ಧ ಮುಚ್ಚಿ, ಕುರ್ಚಿ ಎಳೆದುಕೊಂಡು ಅವಳ ಪಕ್ಕದಲ್ಲಿ ಕೂತೆ. ಪಾಠ ಒಪ್ಪಿಸಲಿಲ್ಲ, ಅವಳೇ ಹೇಳಲಿ ಅಂತ ಕಾದೆ. ಅವಳು ಬೆರಳಿಗೆ ಸುತ್ತಿದ್ದ ಸೆರಗು ಬಿಚ್ಚಿದಳು. ಆಮೇಲೆ ನಿಧಾನವಾಗಿ ಹೇಳತೊಡಗಿದಳು.